ಯಾರದೂ ಅಲ್ಲದ ಬಾಗಿಲು

"ಹಿಡದೀ ಏನ ಪಿಂಕಿ?" ಒಳಗಿನಿಂದ ರಶ್ಮಿ ಕೇಳಿದಳು.

"ಹಿಡದೀನಿ. ಲಗೂ ಮುಗಸು."

"ಬಿಡಬ್ಯಾಡ ಮತ್ತ."

"ಬಿಡಂಗಿಲ್ಲ. ಸುಮ್ಮ ಸುಮ್ಮನ ಕೇಳಬ್ಯಾಡ, ನಗು ಬಂತಂದ್ರ ಕೈ ಜಾರತೈತಿ."

ಪಿಂಕಿ ಹಿಡಿದುಕೊಂಡಿದ್ದು ಶಾಲೆಯ ಹುಡುಗಿಯರ ಟಾಯ್ಲೆಟ್ ಬಾಗಿಲನ್ನು. ಎರಡೂ ಕೈ, ಒಂದು ಮೊಣಕಾಲು, ಸ್ವಲ್ಪ ಹಣೆ, ಇಷ್ಟನ್ನೂ ಒತ್ತಿ ಹಿಡಿದಿದ್ದಳು. ಆ ಬಾಗಿಲಿಗೆ ಕೀಲು ಇರಲಿಲ್ಲ. ಬೇಸಿಗೆ ರಜೆಗೆ ಮುಂಚೆಯೇ ಕೀಲುಗಳು ತುಕ್ಕು ಹಿಡಿದು ಉದುರಿಹೋಗಿದ್ದವು. ಅಂದಿನಿಂದ ಬಾಗಿಲಿಗೆ ಸ್ವಾತಂತ್ರ್ಯ ಬಂದಿತ್ತು. ಒರಗಿಸಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮಲಗುತ್ತಿತ್ತು.

ಹಾಗಾಗಿ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿಯಬೇಕು. ತೆಲುಗು ನಾಡಿನ ಕಾಚಿಗೂಡದ ಆ ಸರಕಾರಿ ಶಾಲೆಯ ಕನ್ನಡ ವಿಭಾಗದಲ್ಲಿ ಗೆಳತಿ ಎಂದರೆ ಬಾಗಿಲು ಹಿಡಿಯುವವಳು. ಯಾರು ಯಾರ ಜೊತೆ ಟೂ ಬಿಟ್ಟಿದ್ದಾರೆ ಎಂದು ತಿಳಿಯಲು ಟಾಯ್ಲೆಟ್ ಕಡೆ ಒಮ್ಮೆ ನೋಡಿದರೆ ಸಾಕಿತ್ತು.

ಅಷ್ಟರಲ್ಲಿ ಸಂಜೆಯ ಉದ್ದ ಗಂಟೆ ಹೊಡೆಯಿತು. ಮಕ್ಕಳೆಲ್ಲ ಬಯಲಿನಲ್ಲಿ ಸಾಲಾಗಿ ನಿಂತರು. ರಾಷ್ಟ್ರಗೀತೆ ಶುರುವಾಯಿತು.

ರಾಷ್ಟ್ರಗೀತೆ ಹಾಡುವಾಗ ಎಲ್ಲಿದ್ದರೆ ಅಲ್ಲೇ ಅಟೆನ್ಷನ್ ನಿಲ್ಲಬೇಕು. ಅಟೆನ್ಷನ್ ಎಂದರೆ ಕೈ ಎರಡೂ ಕೆಳಗೆ. ಕೈ ಕೆಳಗೆ ಬಿಟ್ಟರೆ ಬಾಗಿಲೂ ಕೆಳಗೆ. ಅತ್ತ ದರಿ ಇತ್ತ ಪುಲಿ ಎಂದು ದೊಡ್ಡವರು ಹೇಳುವುದು ಇದಕ್ಕೇ ಇರಬೇಕು.

ಪಿಂಕಿ ಗಿರ್ರನೆ ತಿರುಗಿ ಬಾಗಿಲಿಗೆ ಬೆನ್ನು ಕೊಟ್ಟಳು. ಹಿಮ್ಮಡಿ ಊರಿದಳು. ಕೈ ಕೆಳಗೆ, ಗಲ್ಲ ಮೇಲೆ. ದೇಶಕ್ಕೂ ಗೌರವ, ಗೆಳತಿಗೂ ಬಾಗಿಲು. ಒಳಗಿನಿಂದ ಸದ್ದೇ ಇಲ್ಲ. ಒಳಗೆ ರಶ್ಮಿಯೂ ಅಟೆನ್ಷನ್‌ನಲ್ಲಿ ನಿಂತಿದ್ದಳು.

ಎಲ್ಲವೂ ಸರಿಯಾಗಿಯೇ ಮುಗಿಯುತ್ತಿತ್ತು. ಆದರೆ ಹಾಡು ಮುಗಿದದ್ದೇ ಮಕ್ಕಳು ಹೋ ಎಂದು ಬ್ಯಾಗಿನ ಕಡೆ ಓಡಿದರು. ಓಡುವವರನ್ನು ನೋಡಿದರೆ ಪಿಂಕಿಯ ಕಾಲು ಅವಳನ್ನು ಕೇಳದೆ ಓಡುತ್ತವೆ. ಓಡಿದವು.

ಹಿಂದೆ ಧಡ್ ಎಂದಿತು.

ಬಾಗಿಲು ಅಂಗಾತ ಬಿದ್ದಿತ್ತು. ಧೂಳು ಎದ್ದಿತ್ತು. ಧೂಳಿನ ನಡುವೆ ರಶ್ಮಿ, ಕೈ ಕೆಳಗೆ, ಗಲ್ಲ ಮೇಲೆ, ಇನ್ನೂ ಅಟೆನ್ಷನ್‌ನಲ್ಲಿ ನಿಂತಿದ್ದಳು. ಪುಣ್ಯಕ್ಕೆ ಬಟ್ಟೆಯೆಲ್ಲ ಸರಿಯಾಗಿಯೇ ಇತ್ತು. ಆದರೂ ಇಡೀ ಶಾಲೆ ನಕ್ಕಿತು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಸಲ್ಯೂಟ್ ಕೂಡ ಹೊಡೆದ.

ರಶ್ಮಿ ನಗಲಿಲ್ಲ. ಪಿಂಕಿಯನ್ನು ನೋಡಿದಳು. ಬ್ಯಾಗು ತೆಗೆದುಕೊಂಡು ಒಬ್ಬಳೇ ಗೇಟಿನ ಕಡೆ ನಡೆದಳು. ಅಲ್ಲಿ ಅವಳ ಅಮ್ಮ ಚಿತ್ರಾ ಕಾಯುತ್ತಿದ್ದರು. ಅವರಿಬ್ಬರೂ ದಿನಾ ಲೋಕಲ್ ಟ್ರೇನಿನಲ್ಲಿ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಹೋಗುತ್ತಿದ್ದರು.

ಮರುದಿನದಿಂದ ರಶ್ಮಿ ನೀರು ಕುಡಿಯುವುದನ್ನೇ ಬಿಟ್ಟಳು.

"ನೀರ ಕುಡದ್ರ ಹೋಗಬೇಕಾಗತೈತಿ," ಅಂದಳು. "ಕುಡೀಲಿಲ್ಲಂದ್ರ ಹೋಗೂದ ಬ್ಯಾಡ."

ಕೇಳಲು ಬಹಳ ಜಾಣತನದ ಮಾತಿನಂತಿತ್ತು. ಆದರೆ ಎರಡು ದಿನ ಕಳೆಯುವುದರೊಳಗೆ ರಶ್ಮಿಗೆ ಹೊಟ್ಟೆ ನೋವು ಬಂತು. ಡಾಕ್ಟರು ಬೈದರಂತೆ. ಅದರ ಮರುದಿನ ಬೆಳಿಗ್ಗೆ ಚಿತ್ರಾ ನೇರವಾಗಿ ಹೆಡ್‌ಮಾಸ್ಟರ್ ವಿಜಯಕುಮಾರ ಸರ್ ಕೋಣೆಗೆ ಬಂದರು. ಪಿಂಕಿ ಅಲ್ಲೇ ಹಾಜರಿ ಪುಸ್ತಕ ಇಡಲು ಬಂದಿದ್ದಳು.

"ಸರ್, ನಾ ಸೋಮವಾರ ಮತ್ತ ಬರ್ತೀನ್ರಿ," ಅಂದರು ಚಿತ್ರಾ. "ಅಷ್ಟರಾಗ ಆ ಬಾಗಲಾ ಆದ್ರ ಛಲೋ. ಇಲ್ಲಂದ್ರ ರಶ್ಮಿ ಟಿಸಿ ಕೊಟ್ಟಬಿಡ್ರಿ. ನಮ್ಮ ಕಡೆನ ಒಂದ ಪ್ರೈವೇಟ್ ಸಾಲಿ ಐತಿ, ಅಲ್ಲೆ ಹಾಕ್ತೀವಿ."

ಪಿಂಕಿಯ ಕೈಯಿಂದ ಹಾಜರಿ ಪುಸ್ತಕ ಜಾರಿತು. ರಶ್ಮಿ ಇಲ್ಲದ ಶಾಲೆ ಎಂದರೆ ಏನು ಅಂತ ಅವಳಿಗೆ ಯೋಚಿಸಲೂ ಆಗಲಿಲ್ಲ. ಒಂದನೆಯ ತರಗತಿಯಿಂದ ಇಬ್ಬರದೂ ಒಂದೇ ಬೆಂಚು. ಅದೂ ಅಲ್ಲದೆ ಅವತ್ತು ಓಡಿದ ಕಾಲುಗಳು ಯಾರವು?

ಚಿತ್ರಾ ಹೋದಮೇಲೆ ಪಿಂಕಿ ಕೇಳಿದಳು. "ಸರ್, ಬಾಗಲಾ ಯಾಕ ರಿಪೇರಿ ಮಾಡಸಂಗಿಲ್ರಿ?"

ವಿಜಯಕುಮಾರ ಸರ್ ಒಳ್ಳೆಯವರು. ಅವರ ಕೋಣೆಯ ಮೂಲೆಯಲ್ಲಿ ಒಂದು ಬಕೆಟ್ಟು ಇತ್ತು, ಅದು ಸೋರುವ ನೀರಿಗೆ. ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಗಿಡ ಇತ್ತು, ಅದು ಬಕೆಟ್ಟಿನ ನೀರು ಕುಡಿದೇ ಬೆಳೆದಿತ್ತು. ಸರ್ ಕನ್ನಡಕ ತೆಗೆದು ಒರೆಸಿದರು.

"ನಾನೇನು ಸುಮ್ನ ಕೂತಿಲ್ಲವಾ. ಬರದು ಬರದು ಪೆನ್ನು ಸವದಾವ. ನೋಡು, ಈ ಸಾಲಿ ಗ್ವಾಡಿ ನೋಡಾಕ ಒಂದು ಆಫೀಸು. ಬೆಂಚು, ಕುರ್ಚಿ ನೋಡಾಕ ಇನ್ನೊಂದು ಆಫೀಸು. ಮೋರಿಗೆ ಮತ್ತೊಂದು."

"ಬಾಗಲಕ್ಕ?"

ಸರ್ ಕನ್ನಡಕ ಮತ್ತೆ ಹಾಕಿಕೊಂಡರು.

"ಗ್ವಾಡಿ ಆಫೀಸಿನವರು ಬಂದು ನೋಡಿದ್ರು. ಗ್ವಾಡಿಗೆ ಅಂಟಿಕೊಂಡಿದ್ದೆಲ್ಲಾ ನಮ್ಮದು, ಇದು ಅಂಟಿಲ್ಲ, ಕೆಳಗ ಬಿದ್ದೈತಿ, ಹಂಗಾಗಿ ಇದು ಸಾಮಾನು, ಬೆಂಚಿನವರನ್ನ ಕೇಳ್ರಿ ಅಂದ್ರು. ಬೆಂಚಿನವರು ಬಂದ್ರು. ಬಾಗಲಾ ಎಲ್ಲೆರ ಸಾಮಾನು ಆಗತೈತೇನ್ರಿ, ಅದು ಗ್ವಾಡಿ ಭಾಗ, ಗ್ವಾಡಿಯವರನ್ನ ಕೇಳ್ರಿ ಅಂದ್ರು."

"ಮೋರಿಯವರು?"

"ಅವರು ಭಾಳ ಛಲೋ ಮಂದಿ. ಬಾಗಲಾ ಮೋರಿಯೊಳಗ ಬಿದ್ರ ತಿಳಸ್ರಿ, ಅವತ್ತ ಬಂದು ತಗದು ಹೊರಗ ಇಡ್ತೀವಿ ಅಂದ್ರು."

ಪಿಂಕಿ ತಲೆ ಕೆರೆದುಕೊಂಡಳು. "ಹಂಗಾದ್ರ ಬಾಗಲಾ ಗ್ವಾಡಿಗೆ ಅಂಟಿದ್ರ ಗ್ವಾಡಿ ಆಫೀಸಿನವರು ರಿಪೇರಿ ಮಾಡ್ತಾರೇನ್ರಿ?"

"ಮಾಡ್ತಾರ. ಆದ್ರ ಅಂಟಿದ್ದ ಬಾಗಲಕ್ಕ ರಿಪೇರಿ ಯಾಕ ಬೇಕವಾ?" ಸರ್ ನಕ್ಕರು. ಆಮೇಲೆ ಯಾಕೋ ಅವರ ಮುಖ ಸಪ್ಪಗಾಯಿತು.

ಪಿಂಕಿಗೆ ಉಳಿದದ್ದೆಲ್ಲ ಮರೆತುಹೋಯಿತು. ಅಂಟಿದರೆ ಮಾಡ್ತಾರೆ ಎಂಬ ಮಾತು ಮಾತ್ರ ತಲೆಯಲ್ಲಿ ಅಂಟಿಕೊಂಡಿತು.

ಮನೆಗೆ ಬಂದರೆ ಅಜ್ಜಿ ಗಿರಿಜಾಬಾಯಿ ಶೇಂಗಾ ಚಿಕ್ಕಿ ಮಾಡುತ್ತಿದ್ದರು. ಬಾಣಲೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿತ್ತು.

"ದೂರ ನಿಂದರು," ಅಂದರು ಅಜ್ಜಿ. "ಈ ಪಾಕ ಹಲ್ಲಿಗೆ ಅಂಟಿದ್ರ ಹಲ್ಲು ಕಿತ್ತು ಬರತೈತಿ, ಪಾಕ ಬರಂಗಿಲ್ಲ."

ಪಿಂಕಿಯ ಕಣ್ಣು ಅರಳಿದವು. ಅಜ್ಜಿ ಶೇಂಗಾ ತರಲು ಒಳಗೆ ಹೋದದ್ದೇ ತಡ, ನಾಲ್ಕು ಚಮಚ ಪಾಕ ಅವಳ ಟಿಫಿನ್ ಡಬ್ಬಿಗೆ ಬಿತ್ತು. ಚಮಚವೂ ಅದರಲ್ಲೇ ಉಳಿಯಿತು.

ಮರುದಿನ ಡಬ್ಬಿ ತೆಗೆದರೆ ಪಾಕ ಕಲ್ಲಾಗಿತ್ತು. ಚಮಚ ಅದರ ನಡುವೆ ಧ್ವಜಕಂಬದಂತೆ ನೆಟ್ಟಗೆ ನಿಂತಿತ್ತು. ಎಳೆದರೆ ಬರಲಿಲ್ಲ. ರಶ್ಮಿ ಡಬ್ಬಿ ಹಿಡಿದಳು, ಪಿಂಕಿ ಚಮಚ ಹಿಡಿದಳು, ಇಬ್ಬರೂ ಹಿಂದಕ್ಕೆ ಎಳೆದರು. ಇಬ್ಬರೂ ಹಿಂದಕ್ಕೆ ಬಿದ್ದರು, ಚಮಚ ಮಾತ್ರ ಡಬ್ಬಿಯಲ್ಲೇ ಇತ್ತು.

"ನೋಡಿದೇನ?" ಪಿಂಕಿ ಧೂಳು ಕೊಡವಿಕೊಂಡಳು. "ಎಷ್ಟು ಗಟ್ಟಿ ಅಂಟತೈತಿ."

ಬಿಸಿಯೂಟ ಮಾಡುವ ಸೂಗಮ್ಮನ ಒಲೆಯ ಮೇಲೆ ಡಬ್ಬಿ ಇಟ್ಟಾಗ ಪಾಕ ಮತ್ತೆ ಕರಗಿತು. ಯಾಕೆ, ಏನು ಎಂದು ಸೂಗಮ್ಮ ಕೇಳಲಿಲ್ಲ. ಆ ಶಾಲೆಯಲ್ಲಿ ಅವರು ಇದಕ್ಕಿಂತ ವಿಚಿತ್ರವಾದದ್ದನ್ನು ನೋಡಿದ್ದರು. ಹುಡುಗಿಯರಿಬ್ಬರೂ ಓಡಿಹೋಗಿ ಚೌಕಟ್ಟಿಗೆ ಪಾಕ ಬಳಿದರು, ಬಾಗಿಲು ಎತ್ತಿ ಒತ್ತಿ ಹಿಡಿದರು. ಮೆಲ್ಲಗೆ ಕೈ ಬಿಟ್ಟರು.

ಬಾಗಿಲು ನಿಂತಿತು.

"ಸರ್, ಸರ್, ಅಂಟೇತ್ರಿ," ಎಂದು ಕೂಗುತ್ತ ಪಿಂಕಿ ಹೆಡ್‌ಮಾಸ್ಟರ ಕೋಣೆಗೆ ಓಡಿದಳು. ಸರ್ ಚಪ್ಪಲಿ ಹುಡುಕಿ, ಮೆಟ್ಟಿ, ಬರುವಷ್ಟರಲ್ಲಿ ಅಲ್ಲಿ ಬೇರೆಯದೇ ಕೆಲಸ ನಡೆದಿತ್ತು. ಮೊದಲು ಇರುವೆಗಳು ಸಾಲು ಹಿಡಿದು ಬಂದಿದ್ದವು. ಆಮೇಲೆ ಕಾಂಪೌಂಡ್ ಗೋಡೆ ಬಿದ್ದಿದ್ದ ಸಂದಿನಿಂದ ದಿನಾ ಬರುವ ಮೇಕೆ ಬಂದಿತ್ತು. ಚೌಕಟ್ಟಿನ ಈ ಬದಿ ನೆಕ್ಕಿ ಮುಗಿಸಿ ಆ ಬದಿ ನೆಕ್ಕುತ್ತಿತ್ತು. ಬಾಗಿಲು ತನ್ನ ಹಳೆಯ ಜಾಗದಲ್ಲಿ, ಅಂದರೆ ನೆಲದ ಮೇಲೆ, ಅಂಗಾತ ಮಲಗಿತ್ತು.

ಸರ್ ಮೇಕೆಯನ್ನು ನೋಡಿದರು. ಪಿಂಕಿಯನ್ನು ನೋಡಿದರು.

"ಇದಕ್ಕ ಯಾವ ಆಫೀಸಿಗೆ ಬರೀಲವಾ?" ಅಂದರು.

ಸಂಜೆ ಅಜ್ಜಿ ಡಬ್ಬಿ ತೊಳೆಯಲು ತೆಗೆದುಕೊಂಡರು. ತಳದಲ್ಲಿ ಉಳಿದಿದ್ದ ಪಾಕ ಮತ್ತೆ ಗಟ್ಟಿಯಾಗಿ ಚಮಚ ಮತ್ತೆ ನೆಟ್ಟಗೆ ನಿಂತಿತ್ತು. ಬಿಸಿನೀರು ಹಾಕಿ ಕಿತ್ತಾಗ ಚಮಚ ಸೊಟ್ಟಗಾಗಿ ಹೊರಬಂತು.

"ಇದೇನಿದು ಪಿಂಕಿ?"

ಪಿಂಕಿ ಹೇಳಿದಳು. ಬಾಗಿಲು, ರಾಷ್ಟ್ರಗೀತೆ, ಹೊಟ್ಟೆ ನೋವು, ಟಿಸಿ, ಗೋಡೆ ಆಫೀಸು, ಬೆಂಚು ಆಫೀಸು, ಮೋರಿ ಆಫೀಸು, ಮೇಕೆ. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. "ರಶ್ಮಿ ಹೋಗತಾಳಜ್ಜಿ. ನಾ ಅವತ್ತ ಬಾಗಲಾ ಬಿಟ್ಟು ಓಡಿದ್ದಕ್ಕ."

ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದರು. ಅಜ್ಜಿಗೆ ಬೇರೊಂದು ಯೋಚನೆ ಹತ್ತಿತ್ತು.

"ಗ್ವಾಡಿ ಆಫೀಸಿನವರು ಬಂದಿದ್ರು ಅಂದೆಲ್ಲ, ಯಾರು ಬಂದಿದ್ರು?"

"ಒಬ್ಬರು ಇಂಜಿನಿಯರ್ ಮೇಡಂ. ಶಾಂಭವಿ ಅಂತ. ನಾಳೆ ಶುಕ್ರವಾರ ಮತ್ತ ಬರ್ತಾರಂತ, ಕಾಂಪೌಂಡ್ ಅಳತಿ ಮಾಡಾಕ."

"ಲಗ್ನ ಆಗೇತೇನು?"

"ಆಗೇತಿ, ತಾಳಿ ನೋಡೀನಿ."

"ಅವತ್ತ ಬಂದಾಗ ಚಾ ಕೊಟ್ರೇನು?"

"ಇಲ್ಲ. ಸರ್ ಅರ್ಜಿ ಕೊಟ್ರು."

ಅಜ್ಜಿ ಹಣೆ ಚಚ್ಚಿಕೊಂಡರು. "ಮನಿಗೆ ಬಂದ ಮುತ್ತೈದಿ ಕೈಯಾಗ ಬರೇ ಅರ್ಜಿ ಕೊಟ್ಟ ಕಳಸೂದೇನು? ಅದಕ್ಕ ಆ ಬಾಗಲಾ ನಿಂದ್ರವಲ್ದು."

ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಪಿಂಕಿಗೆ ತಿಳಿಯಲಿಲ್ಲ. ಅಜ್ಜಿ ಆಗಲೇ ಡಬ್ಬದಿಂದ ಅಕ್ಕಿ ತೆಗೆಯುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಶಾಂಭವಿ ಮೇಡಂ ಸ್ಕೂಟಿಯಲ್ಲಿ ಬಂದರು. ಹೆಲ್ಮೆಟ್ ತೆಗೆದು ನೋಡಿದರೆ ಎದುರಿಗೆ ಇಳಕಲ್ ಸೀರೆ ಉಟ್ಟ, ದೊಡ್ಡ ಕುಂಕುಮ ಇಟ್ಟ ಅಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫ್ಲಾಸ್ಕು.

"ಬಿಸಿಲಾಗ ಬಂದೀರಿ. ಮೊದಲ ಚಾ ಕುಡೀರಿ," ಅಂದರು ಅಜ್ಜಿ.

ಮೇಡಂಗೆ ಕನ್ನಡ ಬರುತ್ತಿರಲಿಲ್ಲ, ಅಜ್ಜಿಗೆ ತೆಲುಗು ಅರ್ಧ ಬರುತ್ತಿತ್ತು. ಆದರೆ ಚಹಾಕ್ಕೆ ಭಾಷೆ ಬೇಕಿಲ್ಲ. ಬೇಡ ಬೇಡ ಎಂದು ಮೇಡಂ ತೆಲುಗಿನಲ್ಲಿ ಅಂದರು, ಅಜ್ಜಿ ಕನ್ನಡದಲ್ಲಿ ಇನ್ನೊಂದು ಕಪ್ಪು ಬಗ್ಗಿಸಿದರು. ಅದರ ಹಿಂದೆಯೇ ಒಂದು ದೊಡ್ಡ ಲೋಟ ಮಜ್ಜಿಗೆ ಬಂತು. ಮಜ್ಜಿಗೆ ಖಾರ ಆಯಿತು ಎಂದಾಗ ಒಂದು ಲೋಟ ನೀರೂ ಬಂತು.

ಆಮೇಲೆ ಮೇಡಂ ಟೇಪು ಹಿಡಿದು ಕಾಂಪೌಂಡ್ ಅಳೆದರು. ವಿಜಯಕುಮಾರ ಸರ್ ಹಿಂದಿನಿಂದ ಮೆಲ್ಲಗೆ ಬಾಗಿಲಿನ ಮಾತು ತೆಗೆದರು.

"ನಾನು ಅವತ್ತೇ ಹೇಳಿದೆನಲ್ಲ ಸಾರ್," ಮೇಡಂ ತೆಲುಗಿನಲ್ಲಿ ಅಂದರು. "ಗೋಡೆಗೆ ಅಂಟಿಲ್ಲ. ಅಂಟದೇ ಇದ್ದದ್ದನ್ನು ಯಾವ ಫೈಲಿನಲ್ಲಿ ಹಾಕಲಿ?"

ಪಿಂಕಿಯೂ ರಶ್ಮಿಯೂ ಮುಖ ಮುಖ ನೋಡಿಕೊಂಡರು. ಮುಗಿಯಿತು, ಇನ್ನು ಸೋಮವಾರ ಬಂದೇಬಿಡುತ್ತದೆ.

ಟೇಪು ಸುತ್ತುತ್ತಿದ್ದ ಮೇಡಂ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಎರಡು ಕಪ್ಪು ಚಹಾ, ಒಂದು ಲೋಟ ಮಜ್ಜಿಗೆ, ಒಂದು ಲೋಟ ನೀರು. ಯಾವ ಇಂಜಿನಿಯರ್ ಆದರೂ ಲೆಕ್ಕ ಅಷ್ಟೇ. ಅವರು ಬಗ್ಗಿ ಪಿಂಕಿಯ ಕಿವಿಯಲ್ಲಿ ಏನೋ ಕೇಳಿದರು.

ಪಿಂಕಿ ಮಲಗಿದ್ದ ಬಾಗಿಲನ್ನು ತೋರಿಸಿದಳು.

"ಬೇರೆ ಇಲ್ಲವಾ? ಟೀಚರ್ಸಿಗೆ?"

"ಇಲ್ರಿ ಮೇಡಂ. ಎಲ್ಲಾರಿಗೂ ಅದ."

ಮೇಡಂ ಗೇಟನ್ನು ನೋಡಿದರು, ಸ್ಕೂಟಿಯನ್ನು ನೋಡಿದರು, ಬಾಗಿಲನ್ನು ನೋಡಿದರು. ಆಮೇಲೆ ಸೋತವರಂತೆ ಒಳಗೆ ಹೋದರು. ಹುಡುಗಿಯರಿಬ್ಬರೂ ಬಾಗಿಲೆತ್ತಿ ಒತ್ತಿ ಹಿಡಿದರು.

"ಪಟ್ಟುಕುನ್ನಾರಾ?" ಒಳಗಿನಿಂದ ದನಿ ಬಂತು. ಹಿಡಿದಿದ್ದೀರಾ ಎಂದು.

"ಪಟ್ಟುಕುನ್ನಾಂ ಮೇಡಂ."

"ವದಲೊದ್ದು, ಪ್ಲೀಸ್."

"ಬಿಡಂಗಿಲ್ರಿ ಮೇಡಂ."

ಅದೇ ಹೊತ್ತಿಗೆ ಉದ್ದ ಗಂಟೆ ಹೊಡೆಯಿತು. ಬಯಲಿನಲ್ಲಿ ರಾಷ್ಟ್ರಗೀತೆ ಶುರುವಾಯಿತು.

ಪಿಂಕಿ ಬಾಗಿಲಿಗೆ ಬೆನ್ನು ಕೊಟ್ಟಳು. ರಶ್ಮಿ ಅವಳ ಪಕ್ಕದಲ್ಲಿ ನಿಂತು ಬೆನ್ನು ಕೊಟ್ಟಳು. ಇಬ್ಬರದೂ ಕೈ ಕೆಳಗೆ, ಗಲ್ಲ ಮೇಲೆ. ಸ್ವಲ್ಪ ದೂರದಲ್ಲಿ ವಿಜಯಕುಮಾರ ಸರ್ ಅಟೆನ್ಷನ್. ಚೀಲ ಹಿಡಿದ ಅಜ್ಜಿ ಅಟೆನ್ಷನ್. ಬಾಗಿಲಿನ ಹಿಂದೆ ಗೋಡೆ ಆಫೀಸು ಅಟೆನ್ಷನ್. ಮೇಕೆ ಮಾತ್ರ ಕುಳಿತಿತ್ತು.

ಹಾಡು ಮುಗಿಯಿತು. ಮಕ್ಕಳು ಹೋ ಎಂದು ಓಡಿದರು. ಪಿಂಕಿಯ ಕಾಲು ಚಡಪಡಿಸಿದವು. ಆದರೆ ಈ ಸಲ ಅವಳು ಓಡಲಿಲ್ಲ. ಹಿಮ್ಮಡಿ ಇನ್ನೂ ಗಟ್ಟಿಯಾಗಿ ಊರಿದಳು. ಪಕ್ಕದಲ್ಲಿದ್ದ ರಶ್ಮಿ ಅದನ್ನು ನೋಡಿದಳು. ಪಿಂಕಿಯ ಕಿರುಬೆರಳನ್ನು ತನ್ನ ಕಿರುಬೆರಳಿನಿಂದ ಹಿಡಿದುಕೊಂಡಳು.

ಮೇಡಂ ಹೊರಗೆ ಬಂದಾಗ ಅವರ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ನೀವು ದಿನಾ ಹೀಗೇನಾ?" ಎಂದು ಕೇಳಿದರು.

"ಇಲ್ರಿ," ರಶ್ಮಿ ಅಂದಳು. "ನಾ ನೀರ ಕುಡಿಯೂದ ಬಿಟ್ಟೀನಿ." ಅದನ್ನೇ ತೆಲುಗಿನಲ್ಲೂ ಹೇಳಿದಳು.

ಮೇಡಂ ಹಣೆಯ ಬೆವರು ಒರೆಸಿಕೊಂಡರು. "ಸ್ಕೂಲುಗಳನ್ನು ನೋಡಲು ಹೋಗುವ ದಿನ ನಾನೂ ಕುಡಿಯುವುದಿಲ್ಲ," ಅಂದರು. "ಇವತ್ತು ಈ ಅಜ್ಜಿ ಬಿಡಲಿಲ್ಲ."

ಈ ಅಜ್ಜಿ ಇನ್ನೂ ಬಿಟ್ಟಿರಲಿಲ್ಲ. ಮೇಡಂ ಕೈಕಾಲು ತೊಳೆದು ಬಂದದ್ದೇ ಅವರನ್ನು ಪೂರ್ವಕ್ಕೆ ಮುಖ ಮಾಡಿ ಬೆಂಚಿನ ಮೇಲೆ ಕೂರಿಸಿದರು. ಹಣೆಗೆ ಕುಂಕುಮ ಹಚ್ಚಿದರು. "ಉಡಿ ಒಡ್ಡರಿ," ಅಂದು ಅವರ ದುಪಟ್ಟಾವನ್ನು ತಾವೇ ಮಡಿಲಲ್ಲಿ ಹರಡಿದರು. ಚೀಲದಿಂದ ಒಂದೊಂದೇ ಹೊರಬಂದವು. ಜಂಪರಿನ ಬಟ್ಟೆ, ತೆಂಗಿನಕಾಯಿ, ಅರಿಷಿಣ ಕೊಂಬು, ಅಡಿಕೆ, ಉತ್ತತ್ತಿ, ಬಾಳೆಹಣ್ಣು. ಆಮೇಲೆ ಹಿಡಿ ಹಿಡಿ ಅಕ್ಕಿ.

ಅಜ್ಜಿಗೆ ಇದು ದೊಡ್ಡ ವಿಷಯವೇ ಅಲ್ಲ. ಮೊದಲ ಸಲ ಬಂದ ಮುತ್ತೈದೆಯ ಉಡಿ ತುಂಬದೆ ಅವರು ಯಾರನ್ನೂ ಕಳಿಸಿದವರಲ್ಲ. ಗ್ಯಾಸ್ ಕನೆಕ್ಷನ್ ನೋಡಲು ಬಂದಿದ್ದ ಹೆಂಗಸಿಗೂ ತುಂಬಿ ಕಳಿಸಿದ್ದರು. ಆದರೆ ಮೇಡಂ ಕಲ್ಲಿನಂತೆ ಕುಳಿತುಬಿಟ್ಟರು. ಅವರ ಕಣ್ಣಲ್ಲಿ ನೀರು ತುಂಬಿತು.

ಅಜ್ಜಿ ಗಾಬರಿಯಾದರು. "ಏನಾತು ತಂಗಿ? ಮಜ್ಜಿಗಿ ಖಾರ ಇನ್ನೂ ಇಳಿದಿಲ್ಲೇನು?"

"ಅದಲ್ಲಮ್ಮಾ," ಮೇಡಂ ಮೆಲ್ಲಗೆ ಅಂದರು. ಅವರ ತೆಲುಗನ್ನು ವಿಜಯಕುಮಾರ ಸರ್ ಅಜ್ಜಿಗೆ ಬಿಡಿಸಿ ಹೇಳಿದರು. "ನಮ್ಮ ಕಡೆ ಒಡಿಬಿಯ್ಯ ಅಂತೀವಿ. ಅದನ್ನು ತವರುಮನೆಯವರು ಮಾತ್ರ ಹಾಕುತ್ತಾರೆ. ಸುಮ್ಮನೆ ಯಾರೂ ಹಾಕುವುದಿಲ್ಲ. ಅಮ್ಮ ಹೋದಮೇಲೆ ನನಗೆ ಯಾರೂ ಹಾಕಿಲ್ಲ."

ಅಜ್ಜಿಯ ಕೈಯಲ್ಲಿ ಕೊನೆಯ ಹಿಡಿ ಅಕ್ಕಿ ಹಾಗೇ ನಿಂತಿತು. ತಿಳಿಯದೆ ಮಾಡಿಬಿಟ್ಟೆ ಎನ್ನುವಂತೆ ಸರ್ ಕಡೆ ನೋಡಿದರು. ಸರ್ ಕೆಮ್ಮಿದರು.

ಮೇಡಂ ಕೇಳಿದರು. "ಇದು ಯಾರ ಮನೆ ಅಂತ ಹಾಕಿದಿರಿ ಅಮ್ಮಾ?"

ಅಜ್ಜಿ ಸುತ್ತ ನೋಡಿದರು. ಹೆಡ್‌ಮಾಸ್ಟರ ಕೋಣೆಯ ಬಿರುಕಿನಿಂದ ಹೊರಗೆ ಇಣುಕಿದ ಅರಳಿ ಗಿಡ, ವಾಲಿದ ಗೋಡೆ, ಬಾಯಿ ತೆರೆದು ನಿಂತ ಮಕ್ಕಳು, ಮೇಕೆ.

"ನಮ್ಮದ," ಅಂದರು ಅಜ್ಜಿ. "ಹುಡುಗೂರು ನಮ್ಮವು ಅಂದಮ್ಯಾಲ ಸಾಲಿ ಮತ್ತ ಯಾರದು?" ಅಂದು ಕೊನೆಯ ಹಿಡಿಯನ್ನೂ ಉಡಿಗೆ ಹಾಕಿದರು.

ಮೇಡಂ ಉಡಿ ಹಿಡಿದುಕೊಂಡೇ ಎದ್ದರು. ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದರು. ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ದುಪಟ್ಟಾದಲ್ಲಿ ಗಂಟು ಕಟ್ಟಿ, ಸ್ಕೂಟಿ ಹತ್ತಿ ಹೋದರು. ಬಾಗಿಲಿನ ಬಗ್ಗೆ ಒಂದು ಮಾತೂ ಇಲ್ಲ.

"ಅಕ್ಕಿನೂ ಹೋತು, ಬಾಗಲಾನೂ ಬರಲಿಲ್ಲ," ಅಂದಳು ಪಿಂಕಿ.

"ಉಡಿ ತುಂಬಿದ್ದನ್ನ ಲೆಕ್ಕ ಹಾಕಬಾರದು," ಅಜ್ಜಿ ಬೈದರು.

ಶನಿವಾರ ಏನೂ ಆಗಲಿಲ್ಲ. ಭಾನುವಾರ ಪಿಂಕಿ ಚಿಕ್ಕಿ ಕೂಡ ತಿನ್ನಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಿದ್ದಂತೆ ಚಿತ್ರಾ ಬಂದರು. ಕೈಯಲ್ಲಿ ಟಿಸಿ ಅರ್ಜಿ ಇತ್ತು. ರಶ್ಮಿ ನೆಲ ನೋಡುತ್ತ ನಿಂತಿದ್ದಳು. ವಿಜಯಕುಮಾರ ಸರ್ ಪೆನ್ನು ತೆಗೆದರು, ಅದು ಬರೆಯಲಿಲ್ಲ. ಇನ್ನೊಂದು ಪೆನ್ನು ಹುಡುಕತೊಡಗಿದರು. ಬೇಕೆಂದೇ ಮೆಲ್ಲಗೆ ಹುಡುಕುತ್ತಿದ್ದಾರೆ ಎಂದು ಪಿಂಕಿಗೆ ಅನಿಸಿತು.

ಹೊರಗೆ ಸ್ಕೂಟಿಯ ಹಾರ್ನ್ ಕೇಳಿಸಿತು.

ಮುಂದೆ ಶಾಂಭವಿ ಮೇಡಂ. ಅವರ ಕಾಲ ಹತ್ತಿರ ಬಟ್ಟೆ ಕಟ್ಟಿದ ದೊಡ್ಡ ಪಾತ್ರೆ. ಹಿಂದೆ ಒಂದು ಟ್ರಾಲಿ ಆಟೋ. ಅದರಲ್ಲಿ ಒಬ್ಬ ಬಡಗಿ, ಬಡಗಿಯ ಪಕ್ಕದಲ್ಲಿ ಒಂದು ಬಾಗಿಲು.

ಎಂಥ ಬಾಗಿಲು ಅದು. ದಪ್ಪ ಸಾಗವಾನಿ ಮರದ್ದು, ಹಿತ್ತಾಳೆ ಹಿಡಿಕೆಯದು. ಯಾವುದೋ ಹಳೆಯ ಆಫೀಸು ಕೆಡವಿದಾಗ ಉಳಿದು ಗೋಡೌನಿನಲ್ಲಿ ಬಿದ್ದಿತ್ತಂತೆ. ಅದರ ಮೇಲೆ ತೆಲುಗಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. 'ಅಧಿಕಾರಿಗಳ ಕೊಠಡಿ. ಅನುಮತಿಯಿಲ್ಲದೆ ಒಳಗೆ ಬರಬಾರದು.'

ಮಕ್ಕಳು ಅದನ್ನು ಓದಿ ನೆಲದ ಮೇಲೆ ಬಿದ್ದು ನಕ್ಕರು.

ಬಡಗಿ ಹೊಸ ಕೀಲು ಹೊಡೆದ, ಚಿಲಕ ಕೂರಿಸಿದ. ಬಾಗಿಲು ನಿಂತಿತು. ತೆರೆಯಿತು, ಮುಚ್ಚಿತು, ಮತ್ತೆ ನಿಂತೇ ಇತ್ತು.

"ಮೇಡಂ, ಫೈಲು?" ವಿಜಯಕುಮಾರ ಸರ್ ಹೆದರುತ್ತಲೇ ಕೇಳಿದರು.

"ಬಾಗಿಲು ಈಗ ಎಲ್ಲಿದೆ ಸಾರ್?"

"ಗೋಡೆಯಲ್ಲಿ."

"ಗೋಡೆಗೆ ಅಂಟಿದ್ದೆಲ್ಲ ನಮ್ಮ ಆಫೀಸಿನದು. ಫೈಲಿಗೆ ಅಷ್ಟು ಸಾಕು," ಅಂದರು ಮೇಡಂ. "ಕಾಂಪೌಂಡಿಗೆ ಮಾತ್ರ ಸಮಯ ಹಿಡಿಯುತ್ತೆ. ಅಲ್ಲಿಯವರೆಗೆ ಮೇಕೆ ಬರುತ್ತೆ, ಬರಲಿ."

ಆಮೇಲೆ ಪಾತ್ರೆಯ ಬಟ್ಟೆ ಬಿಚ್ಚಿದರು. ಬೆಲ್ಲದ ಪರಮಾನ್ನದ ಘಮ ಬಯಲಿಗೆಲ್ಲ ಹರಡಿತು. ಒಡಿಬಿಯ್ಯವನ್ನು ಒಬ್ಬಳೇ ತಿನ್ನುವಂತಿಲ್ಲ, ಅಡುಗೆ ಮಾಡಿ ತವರಿನವರಿಗೆ ಬಡಿಸಬೇಕು, ಅದು ನಮ್ಮ ಪದ್ಧತಿ ಎಂದರು. ಅಜ್ಜಿಯ ಅಕ್ಕಿಗೆ ತಮ್ಮದೂ ಸೇರಿಸಿ ಬೇಯಿಸಿ ತಂದಿದ್ದರು. ಪಿಂಕಿ ಓಡಿಹೋಗಿ ಅಜ್ಜಿಯನ್ನು ಕರೆತಂದಳು. ಮೊದಲ ತುತ್ತು ಅಜ್ಜಿಗೆ.

"ಏಲಕ್ಕಿ ಕಡಿಮಿ ಆಗೇತಿ ತಂಗಿ," ಅಂದರು ಅಜ್ಜಿ, ಮಗಳಿಗೆ ಹೇಳುವ ಹಾಗೆಯೇ.

ಚಿತ್ರಾ ಅಷ್ಟರಲ್ಲಿ ಟಾಯ್ಲೆಟ್ಟಿನೊಳಗೆ ಹೋಗಿದ್ದರು. ಒಳಗಿನಿಂದ ಚಿಲಕ ಹಾಕ್, ತೆಗೆ, ಹಾಕ್, ತೆಗೆ ಎಂದು ಸದ್ದು ಬರುತ್ತಿತ್ತು. ಹೊರಗೆ ಬಂದವರೇ ಪರಮಾನ್ನದ ಸಾಲಿನಲ್ಲಿ ನಿಂತರು. ತಟ್ಟೆ ಮುಗಿದಿದ್ದವು. ಚಿತ್ರಾ ಕೈಯಲ್ಲಿದ್ದ ಟಿಸಿ ಅರ್ಜಿಯನ್ನು ದೊನ್ನೆಯ ಹಾಗೆ ಮಡಚಿ ಮುಂದೆ ಹಿಡಿದರು.

"ಸ್ವಲ್ಪ ಜಾಸ್ತಿನ ಹಾಕ್ರಿ," ಅಂದರು. "ರಶ್ಮಿಗೂ ಬೇಕು."

ರಶ್ಮಿ ಅವತ್ತು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅಧಿಕಾರಿಗಳ ಕೊಠಡಿಗೆ ಗತ್ತಿನಿಂದ ನಡೆದು ಹೋಗಿ ಚಿಲಕ ಹಾಕಿಕೊಂಡಳು. ಪಿಂಕಿ ಅಭ್ಯಾಸಬಲದಿಂದ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟಳು. ಬಾಗಿಲು ತಾನೇ ನಿಂತಿತ್ತು. ಕೈಗಳನ್ನು ಏನು ಮಾಡಬೇಕು ಎಂದು ಪಿಂಕಿಗೆ ತಿಳಿಯಲಿಲ್ಲ, ಸ್ವಲ್ಪ ಹೊತ್ತು ಜೇಬಿನಲ್ಲಿ ಇಟ್ಟುಕೊಂಡಳು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಪಿಂಕಿ ನೀರಿನ ಬಾಟಲಿ ತುಂಬಲು ಬಂದಾಗ ಕಿರ್ರ್ ಕಿರ್ರ್ ಎಂದು ಸದ್ದು ಕೇಳಿಸಿತು. ಒಂದನೆಯ ತರಗತಿಯ ಗುರುಬಾಯಿ ಬಾಗಿಲ ಹಿಡಿಕೆಗೆ ಜೋತುಬಿದ್ದು ಜೋಕಾಲಿ ಆಡುತ್ತಿದ್ದಳು. ಹೆಸರು ಅವಳ ಮುತ್ತಜ್ಜಿಯದು, ವಯಸ್ಸು ಮಾತ್ರ ಆರು.

"ಏ ಗುರುಬಾಯಿ, ಇಳಿ ಕೆಳಗ."

"ಯಾಕ?" ಗುರುಬಾಯಿ ಜೋತಾಡುತ್ತಲೇ ಕೇಳಿದಳು. "ಇದು ಸರಕಾರದ್ದು."

ಪಿಂಕಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನ ಕೀಲು ಕಣ್ಣಿಗೆ ಬಿತ್ತು. ಒಂದು ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಹೆಡ್‌ಮಾಸ್ಟರ ಕೋಣೆಗೆ ಹೋಗಿ ಹೇಳೋಣ ಎಂದುಕೊಂಡು ತಿರುಗಿದಳು. ಎರಡು ಹೆಜ್ಜೆ ನಡೆದು ನಿಂತಳು. ಆಮೇಲೆ ಕ್ಲಾಸಿಗೆ ಓಡಿ ತನ್ನ ಟಿಫಿನ್ ಚೀಲದಿಂದ ಚಮಚ ತಂದಳು. ಪಾಕದಲ್ಲಿ ಸೊಟ್ಟಗಾದ ಅದೇ ಚಮಚ. ಒಂದು ಬೆಂಚು ಎಳೆದು, ಹತ್ತಿ ನಿಂತು, ಚಮಚದ ಹಿಡಿಯ ತುದಿಯನ್ನು ಸ್ಕ್ರೂವಿನ ಗೀರಿಗೆ ಸಿಕ್ಕಿಸಿದಳು. ಸರಿಯಾಗಿ ಕೂತಿತು. ನಾಲಿಗೆ ಕಚ್ಚಿಕೊಂಡು ತಿರುಗಿಸತೊಡಗಿದಳು.

ಗುರುಬಾಯಿ ಕೆಳಗಿಳಿದು ಬಾಯಿ ಬಿಟ್ಟು ನೋಡಿದಳು. ಶಾಲೆಗೆ ಬಂದುಹೋಗುವ ಆಫೀಸುಗಳ ಬಗ್ಗೆ ಅವಳಿಗೂ ಗೊತ್ತಿತ್ತು.

"ಅಕ್ಕಾ, ನೀ ಯಾವ ಆಫೀಸಿನಾಕಿ?"

ಪಿಂಕಿಯ ಕೈ ನಿಂತಿತು. ಗೋಡೆ ಆಫೀಸು, ಬೆಂಚು ಆಫೀಸು, ಮೋರಿ ಆಫೀಸು ಎಲ್ಲ ನೆನಪಾದವು. ಕೊನೆಯ ಹಿಡಿ ಅಕ್ಕಿ ಹಾಕುತ್ತಿದ್ದ ಅಜ್ಜಿಯ ಕೈಯೂ ನೆನಪಾಯಿತು. ಸ್ಕ್ರೂವನ್ನು ಇನ್ನೊಂದು ಸುತ್ತು ತಿರುಗಿಸಿದಳು.

"ಬಾಗಲಾ ಆಫೀಸು," ಅಂದಳು. "ನೀನೂ ಬಾ. ಆ ಕಡೆಯಿಂದ ಅಲ್ಲಾಡದಂಗ ಹಿಡಕೋ."

ಗುರುಬಾಯಿ ಕೂಡಲೇ ಓಡಿಬಂದಳು. ಎರಡೂ ಕೈ, ಒಂದು ಮೊಣಕಾಲು, ಸ್ವಲ್ಪ ಹಣೆ, ಇಷ್ಟನ್ನೂ ಬಾಗಿಲಿಗೆ ಒತ್ತಿದಳು.

"ಹಿಡದೀನಿ ಅಕ್ಕಾ," ಅಂದಳು.